‘ಯಾರಿಗೂ ಹೇಳಬೇಡಿ’ ಎನ್ನುವ ದನಿ

(ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಫೋನಿನಲ್ಲಿ ನಡೆಯುವ ಮೋಸಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಊಟದ ಹೊತ್ತಿನಲ್ಲಿ ಒಬ್ಬಾಕೆ ಪಕ್ಕದಲ್ಲಿ ಬಂದು ಕೂತು, “ಬೆಳಿಗ್ಗೆಯಿಂದ ವರದಕ್ಷಿಣೆ, ಹೊಡೆತ-ಬಡಿತದ ಮಾತೇ ಆಯಿತು. ಈಗ ನೀವು ಮೊಬೈಲಿನ ವಿಷಯ ಹೇಳ್ತೀರಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ ಮೇಡಂ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿಂದಲೇ ಶುರುಮಾಡುತ್ತೇನೆ.

ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಮೈಯೆಲ್ಲ ಬೆಂದು ಆಸ್ಪತ್ರೆ ಸೇರಿದ ಸೊಸೆಯಂದಿರ ಬಗ್ಗೆ ಮನೆಯವರು ಹೇಳುತ್ತಿದ್ದುದು ಒಂದೇ ಮಾತು: ‘ಸ್ಟವ್ ಸಿಡಿಯಿತು’. ಒಂದು ಮನೆಯಲ್ಲಿ ಕೇಳಿದರೆ ಅದು ಅಪಘಾತ. ಸೆರಗು ಸಿಕ್ಕಿಸಿಕೊಂಡಿರಲಿಲ್ಲ, ಹುಡುಗಿಗೆ ಎಚ್ಚರ ಸಾಲದು ಎಂದು ಊರವರು ಮಾತಾಡಿಕೊಂಡು ಸುಮ್ಮನಾಗುತ್ತಿದ್ದರು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೂತು, ಪೊಲೀಸ್ ದಾಖಲೆಗಳನ್ನು ಕೆದಕಿ, ಒಂದರ ಪಕ್ಕ ಒಂದನ್ನಿಟ್ಟು ನೋಡಿದಾಗಲೇ ಪ್ರಶ್ನೆ ಎದ್ದದ್ದು: ಸ್ಟವ್‌ಗಳೆಲ್ಲ ಹೊಸ ಸೊಸೆಯರ ಕೈಯಲ್ಲೇ ಏಕೆ ಸಿಡಿಯುತ್ತವೆ? ಅತ್ತೆಯ ಕೈಯಲ್ಲಿ ಏಕಿಲ್ಲ? ಬಿಡಿಬಿಡಿಯಾಗಿ ನೋಡಿದಾಗ ಹೆಣ್ಣಿನ ತಪ್ಪು ಎನಿಸಿದ್ದು, ಒಟ್ಟಿಗೆ ನೋಡಿದಾಗ ಒಂದು ವ್ಯವಸ್ಥೆಯ ಹಿಂಸೆ ಎಂದು ಗೊತ್ತಾಯಿತು.

ಸಾವಿಗೂ ಹಣ ಕಳೆದುಕೊಳ್ಳುವುದಕ್ಕೂ ನಾನು ಸಮ ಹಚ್ಚುತ್ತಿಲ್ಲ. ಆದರೆ ಫೋನಿನ ಮೋಸದಲ್ಲಿಯೂ ನಾವು ಅದೇ ಹಳೆಯ ಮಾತು ಆಡುತ್ತಿದ್ದೇವೆ. ‘ಅವಳಿಗೆ ಬುದ್ಧಿ ಬೇಡವೇ? ಯಾರೋ ಕೇಳಿದರೆಂದು ನಂಬರು ಹೇಳಿಬಿಡುವುದೇ?’ ಹೀಗೆ ಹೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಕೇಂದ್ರ ಗೃಹ ಸಚಿವಾಲಯ ಲೋಕಸಭೆಗೆ ತಿಳಿಸಿದಂತೆ, ಇಂಥ ಮೋಸಗಳಲ್ಲಿ ನಮ್ಮ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಒಂದು ವರ್ಷದಲ್ಲಿ ಜನರ ದಡ್ಡತನ ಮೂರು ಪಟ್ಟಾಯಿತೇ? ಇಲ್ಲ. ಮೋಸ ಒಂದು ಉದ್ಯಮವಾಯಿತು. ಜಾರ್ಖಂಡಿನ ಜಾಮ್ತಾರಾ, ಹರಿಯಾಣ–ರಾಜಸ್ಥಾನದ ಮೇವಾತ್ ಸೀಮೆಯ ಹೆಸರು ನೀವು ಕೇಳಿರಬಹುದು. ಈಗ ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಬೇಲಿ ಹಾಕಿದ ದೊಡ್ಡ ದೊಡ್ಡ ಕಟ್ಟಡಗಳಿವೆ. ಕೆಲಸ ಕೊಡಿಸುತ್ತೇವೆಂದು ನಮ್ಮ ಹುಡುಗರನ್ನೇ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಈ ಕರೆಗಳನ್ನು ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರಿನ ಗಡಿಯಿಂದ ಬಿಡಿಸಿ ತಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಊರಿಗೆ ಕರೆತರಬೇಕಾಯಿತು. ನಿಮಗೆ ಕರೆ ಮಾಡುವವನ ಮುಂದೆ ಬರೆದಿಟ್ಟ ಸಂಭಾಷಣೆ ಇರುತ್ತದೆ. ನೀವು ಹೀಗೆ ಅಂದರೆ ಅವನು ಹಾಗೆ ಅನ್ನಬೇಕು ಎಂಬುದೂ ಅದರಲ್ಲಿರುತ್ತದೆ. ಅಡುಗೆ ಮನೆಯಲ್ಲಿ ಸಾರು ಕುದಿಯುತ್ತಿರುವಾಗ ಒಂದು ಕೈಯಲ್ಲಿ ಫೋನು ಹಿಡಿದು ನಿಂತ ಹೆಂಗಸು ಒಬ್ಬಳೇ. ಆ ಕಡೆ ಇರುವುದು ಒಂದು ಕಾರ್ಖಾನೆ.

ಆ ಬರೆದಿಟ್ಟ ಸಂಭಾಷಣೆಯಲ್ಲಿ ಒಂದು ಸಾಲು ಮಾತ್ರ ಎಂದಿಗೂ ತಪ್ಪುವುದಿಲ್ಲ. ‘ಯಾರಿಗೂ ಹೇಳಬೇಡಿ.’ ನೀವು ಈ ಸಾಲನ್ನು ಬೇರೆ ಕಡೆ ಕೇಳಿದ್ದೀರಿ. ಹೊಡೆದ ಮೇಲೆ ಗಂಡ ಹೇಳುವುದು ಇದನ್ನೇ. ತವರಿಗೆ ಫೋನು ಮಾಡಬೇಡ ಎಂದು ಅತ್ತೆ ಹೇಳುವುದೂ ಇದನ್ನೇ. ಮನೆಯ ಮರ್ಯಾದೆ ಬೀದಿಗೆ ಬರಬಾರದು ಎಂದು ಹೆತ್ತ ತಾಯಿಯೂ ಹೇಳುತ್ತಾಳೆ. ಆ ಪಾಠ ಚಿಕ್ಕಂದಿನಿಂದ ನಮಗೆ ರೂಢಿಯಾಗಿರುವುದರಿಂದಲೇ ಆ ಫೋನಿನ ದನಿಗೆ ಕೆಲಸ ಸುಲಭವಾಗುತ್ತದೆ.

‘ಡಿಜಿಟಲ್ ಅರೆಸ್ಟ್’ ಎಂಬುದನ್ನು ನೋಡಿ. ವಿಡಿಯೋ ಕರೆ ಬರುತ್ತದೆ. ಆ ಕಡೆ ಖಾಕಿ ಹಾಕಿದವನು, ಹಿಂದೆ ಪೊಲೀಸ್ ಠಾಣೆಯಂಥ ಗೋಡೆ. ನಿಮ್ಮ ಹೆಸರಿನಲ್ಲಿ ಬಂದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಕಪ್ಪುಹಣ ಸಾಗಿಸಿದ್ದಾರೆ, ನಿಮ್ಮನ್ನು ಈ ಕ್ಷಣದಿಂದ ಬಂಧಿಸಿದ್ದೇವೆ, ಕ್ಯಾಮೆರಾದ ಮುಂದಿನಿಂದ ಏಳಬೇಡಿ, ಮಕ್ಕಳಿಗೂ ಹೇಳಬೇಡಿ, ತನಿಖೆ ಮುಗಿಯುವವರೆಗೆ ಹಣವನ್ನು ‘ಸರ್ಕಾರಿ ಖಾತೆ’ಗೆ ಹಾಕಿ. ಓದಿದವರು, ನಿವೃತ್ತ ಅಧಿಕಾರಿಗಳು ಇದಕ್ಕೆ ಸಿಕ್ಕಿಕೊಂಡು ದಿನಗಟ್ಟಲೆ ಮನೆಯಲ್ಲೇ ಕೈದಿಗಳಾಗಿದ್ದಾರೆ. ಹರಿಯಾಣದ ಅಂಬಾಲಾದಲ್ಲಿ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನ ನಕಲಿ ಆದೇಶವನ್ನೇ ತೋರಿಸಿ ಒಂದು ಕೋಟಿಗೂ ಹೆಚ್ಚು ಹಣ ಸುಲಿದರು. ಆ ಹಿರಿಯ ಮಹಿಳೆ ನಾಚಿಕೊಂಡು ಕೂರಲಿಲ್ಲ, ನೇರವಾಗಿ ಸುಪ್ರೀಂ ಕೋರ್ಟಿಗೇ ಪತ್ರ ಬರೆದರು. 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅದನ್ನು ತಾನಾಗಿ ಪ್ರಕರಣವಾಗಿ ಎತ್ತಿಕೊಂಡು, ಡಿಸೆಂಬರ್‌ನಲ್ಲಿ ದೇಶದ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಇಲ್ಲಿ ಕಾನೂನು ಗೊತ್ತಿರುವ ಹೆಂಗಸನ್ನು ಹೆದರಿಸುವುದು ಕಷ್ಟ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಅಷ್ಟೇ ಅಲ್ಲ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭವಾದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರಿಂದ ಮೊದಲೇ ಅನುಮತಿ ಪಡೆದಿರಬೇಕು. ಸಾಕ್ಷಿಯಾಗಿ ವಿಚಾರಿಸಬೇಕಾದರೂ ಹೆಂಗಸು ಇರುವ ಮನೆಗೇ ಪೊಲೀಸರು ಬರಬೇಕು. ಇವು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇವೆ. ಮಹಿಳೆಯರು ಹೋರಾಡಿ ಪಡೆದ ರಕ್ಷಣೆ ಇದು. ಹೆದರಿಸುವವನಿಗೆ, “ನಮ್ಮ ಊರಿನ ಠಾಣೆಯಿಂದ ಕಾಗದ ತೆಗೆದುಕೊಂಡು ಮಹಿಳಾ ಪೊಲೀಸರ ಜೊತೆ ಹಗಲಿನಲ್ಲಿ ಬಾ” ಎಂದು ಹೇಳಿ ಫೋನು ಇಡಿ. ಹೇಳದೆ ಇಟ್ಟರೂ ಆದೀತು. ವಿವರಣೆ ಕೊಡುವ ಋಣ ನಿಮಗಿಲ್ಲ.

ಕೋಟಿಯ ಮಾತು ನಮಗೇಕೆ ಎನ್ನುತ್ತೀರಾ? ನಮ್ಮ ಮನೆಗಳಿಗೆ ಬರುವ ಕರೆಗಳೇ ಬೇರೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಬರತೊಡಗಿತು. ಹೆಣ್ಣುಮಕ್ಕಳ ಖಾತೆಗೆ ಹಣ ಬರುತ್ತದೆ ಎಂದು ನಮಗೆ ಎಷ್ಟು ಗೊತ್ತಿದೆಯೋ ಕಳ್ಳರಿಗೂ ಅಷ್ಟೇ ಗೊತ್ತಿದೆ. ‘ನಿಮ್ಮ ಕಂತು ನಿಂತಿದೆ, ಈ ಲಿಂಕ್ ಒತ್ತಿ’, ‘ಆಧಾರ್ ಜೋಡಣೆ ಆಗಿಲ್ಲ, ಬಂದಿರುವ ನಂಬರು ಹೇಳಿ’. ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ಕರೆಂಟು ಕಟ್ ಮಾಡುತ್ತೇವೆ ಎಂಬ ಮೆಸೇಜು. ವಾಟ್ಸ್ಆ್ಯಪಿನಲ್ಲಿ ಮದುವೆ ಕರೆಯೋಲೆ. ಒತ್ತಿದರೆ ಕರೆಯೋಲೆಯ ಬದಲು ಯಾವುದೋ ಆ್ಯಪ್ ಇಳಿದು, ನಿಮಗೆ ಬರುವ ಮೆಸೇಜುಗಳನ್ನೆಲ್ಲ ಅವನಿಗೆ ಕಳಿಸುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪತ್ರವಲ್ಲ, ಆ್ಯಪ್. ಕಾಲೇಜಿಗೆ ಹೋಗುವ ಮಗಳಿಗೆ ದೊಡ್ಡ ಕಂಪನಿಯ ಹೆಸರಿನಲ್ಲಿ ಇ-ಮೇಲ್ ಬರುತ್ತದೆ: ಮನೆಯಲ್ಲೇ ಕೂತು ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ. ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಲು ಅವಳಿಗೆ ಹೇಳಿ. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ಕೇಳುವುದಿಲ್ಲ ಎಂಬುದನ್ನೂ ಹೇಳಿ.

ಫೋನಿನಲ್ಲಿ ಹಣ ಹಾಕುವ ಆ ಗುಪ್ತ ಪಿನ್ ಬಗ್ಗೆ ಒಂದು ಮಾತು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಹಣ ಕೊಡುವಾಗ ಪಿನ್ ಒತ್ತಬೇಕು, ಪಡೆಯುವಾಗ ಒತ್ತಬೇಕಾಗಿಲ್ಲ. ಚೌಕಾಕಾರದ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡುವುದೂ ಕೊಡುವುದಕ್ಕೇ. ‘ನಿಮಗೆ ಹಣ ಬರಬೇಕು, ಪಿನ್ ಒತ್ತಿ’ ಎಂದವನು ಕಳ್ಳ. ಇದಕ್ಕೆ ಅಪವಾದವೇ ಇಲ್ಲ.

ಹೆಬ್ಬೆಟ್ಟಿನ ವಿಷಯ ಬೇರೆ. ಬ್ಯಾಂಕಿನ ಏಜೆಂಟರ ಬಳಿ ಆಧಾರ್ ನಂಬರು ಹೇಳಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುತ್ತೀರಲ್ಲ, ಅಲ್ಲಿ ಓಟಿಪಿ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಜಮೀನು ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ಕದ್ದು ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಮಂಗಳೂರು, ಬೆಂಗಳೂರುಗಳಲ್ಲಿ ದಾಖಲಾದವು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಿಡಬಹುದು. ಆದರೆ ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಹಿಡಿಯುವುದಿಲ್ಲ, ರೇಷನ್ ದಿನ ತೆರೆಯಬೇಕು. ಆಧಾರ್ ಸಹಾಯವಾಣಿ 1947, ಸ್ವಾತಂತ್ರ್ಯ ಬಂದ ವರ್ಷ, ಮರೆಯುವುದಿಲ್ಲ.

ಈಗ ಈ ಪತ್ರಿಕೆ ಓದುವವರಿಗೆ ತೀರ ಹತ್ತಿರದ ಮೋಸಕ್ಕೆ ಬರುತ್ತೇನೆ. ಮದುವೆಯ ಮೋಸ. ವಿವಾಹ ಜಾಲತಾಣದಲ್ಲಿ ಮಗಳ ವಿವರ ಹಾಕಿರುತ್ತೀರಿ. ಅಥವಾ ಗಂಡ ಸತ್ತು, ಇಲ್ಲವೇ ಗಂಡನಿಂದ ಬಿಡುಗಡೆಯಾಗಿ, ಮೂವತ್ತೈದು ನಲವತ್ತರಲ್ಲಿ ಮತ್ತೆ ಸಂಗಾತಿ ಬೇಕೆಂದು ಧೈರ್ಯ ಮಾಡಿದ ಹೆಂಗಸು ತನ್ನ ವಿವರ ತಾನೇ ಹಾಕಿರುತ್ತಾಳೆ. ಲಂಡನ್ನಿನ ಡಾಕ್ಟರೋ ಹಡಗಿನ ಎಂಜಿನಿಯರೋ ಬರೆಯುತ್ತಾನೆ. ‘ವರದಕ್ಷಿಣೆ ಬೇಡ’ ಎಂಬುದು ಅವನ ಮೊದಲ ಮಾತು! ಎರಡು ಮೂರು ತಿಂಗಳು ಸಹನೆಯಿಂದ ಮಾತಾಡುತ್ತಾನೆ, ಊಟವಾಯಿತೇ ಎಂದು ಕೇಳುತ್ತಾನೆ. ನಮ್ಮ ಎಷ್ಟೋ ಹೆಂಗಸರನ್ನು ಊಟವಾಯಿತೇ ಎಂದು ಕೇಳಿದವರೇ ಇಲ್ಲ. ಆಮೇಲೆ ಉಡುಗೊರೆ ಕಳಿಸಿದ್ದೇನೆ ಎನ್ನುತ್ತಾನೆ. ಮಾರನೆಯ ದಿನ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಎಂದು ಹೇಳಿಕೊಂಡು ಬಹುಪಾಲು ಹೆಂಗಸಿನ ದನಿಯಲ್ಲೇ ಕರೆ: ಪೆಟ್ಟಿಗೆಯಲ್ಲಿ ಚಿನ್ನವಿದೆ, ವಿದೇಶಿ ಹಣವಿದೆ, ಸುಂಕ ಕಟ್ಟಿ, ಕಟ್ಟದಿದ್ದರೆ ಕೇಸು. ಮೊದಲು ಮೂವತ್ತು ಸಾವಿರ, ಆಮೇಲೆ ಎಂಬತ್ತು, ಆಮೇಲೆ ಎರಡು ಲಕ್ಷ. ಕೊಟ್ಟದ್ದು ಹೋಗಬಾರದೆಂದು ಮತ್ತೆ ಕೊಡುವುದು. ಇದರ ಗತಿ ನೋಡಿದರೆ ನನಗೆ ವರದಕ್ಷಿಣೆಯ ಗತಿಯೇ ಕಾಣುತ್ತದೆ. ಮದುವೆಗೆ ಮುಂಚೆ ಸ್ಕೂಟರು, ಮದುವೆಯಾದ ಮೇಲೆ ಸೈಟು, ಮಗುವಾದ ಮೇಲೆ ವ್ಯಾಪಾರಕ್ಕೆ ಬಂಡವಾಳ. ಹುಡುಗಿಗೆ ಒಂದು ಸಂಬಂಧ ಕುದುರಿದರೆ ಸಾಕೆಂಬ ನಮ್ಮ ಆತಂಕವನ್ನು ಇಬ್ಬರೂ ನಗದು ಮಾಡಿಕೊಳ್ಳುತ್ತಾರೆ.

ಕಸ್ಟಮ್ಸ್ ಇಲಾಖೆ ಫೋನು ಮಾಡಿ ಯಾರದೋ ಸ್ವಂತ ಖಾತೆಗೆ ಸುಂಕ ಹಾಕಿ ಎನ್ನುವುದಿಲ್ಲ. ಮುಖಾಮುಖಿ ನೋಡದ, ಮನೆಯವರನ್ನು ಕಾಣದ ವರನಿಗೆ ಒಂದು ರೂಪಾಯಿಯೂ ಹೋಗಬಾರದು, ಒಂದು ಖಾಸಗಿ ಫೋಟೋವೂ ಹೋಗಬಾರದು. ಹೋಗಿದ್ದರೆ, ಅವನು ಅದನ್ನಿಟ್ಟುಕೊಂಡು ಹೆದರಿಸುತ್ತಿದ್ದರೆ, ಹಣ ಕೊಟ್ಟರೆ ಬಿಡುತ್ತಾನೆ ಎಂದುಕೊಳ್ಳಬೇಡಿ. ಕೊಟ್ಟವರನ್ನೇ ಮತ್ತೆ ಕೇಳುತ್ತಾರೆ. ಹಾಗೆ ಹೆದರಿಸುವುದೂ ಅಪರಾಧ, ಚಿತ್ರ ಹರಿಬಿಡುವುದೂ ಅಪರಾಧ. ದೂರು ಕೊಡುವ ಹೆಂಗಸು ಅಪರಾಧಿಯಲ್ಲ.

ಪಕ್ಕದ ತಾಲ್ಲೂಕಿನ ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೆಸರು, ಊರು ಬೇಡ. ಆಕೆ ಸಂಘದ ಪ್ರತಿನಿಧಿ. ವಾರದ ಕಂತು ಒಟ್ಟು 14,600 ರೂಪಾಯಿ ಸದಸ್ಯರಿಂದ ತನ್ನ ಖಾತೆಗೇ ಹಾಕಿಸಿಕೊಂಡು, ಸೋಮವಾರ ಬ್ಯಾಂಕಿಗೆ ಕಟ್ಟುವವಳಿದ್ದಳು. ಶನಿವಾರ ಬೆಳಿಗ್ಗೆ ಕರೆ ಬಂತು. ಸಂಘದ ಹೆಸರು, ಬ್ಯಾಂಕಿನ ಶಾಖೆ ಎಲ್ಲವನ್ನೂ ಸರಿಯಾಗಿ ಹೇಳಿ, ನಿಮ್ಮ ಸಂಘಕ್ಕೆ ಬಡ್ಡಿ ಸಹಾಯಧನ ಬಂದಿದೆ ಎಂದರು. ಒಂದು ಕ್ಯೂಆರ್ ಕಳಿಸಿದರು, ಪಿನ್ ಒತ್ತಿಸಿದರು. ನಾಲ್ಕು ನಿಮಿಷದ ಕೆಲಸ. ಮೋಸವೆಂದು ಆಕೆಗೆ ಗೊತ್ತಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಆಕೆ ಬಾಯಿಬಿಟ್ಟದ್ದು ಒಂಬತ್ತು ದಿನಗಳ ಮೇಲೆ. ಸಾರಿಗೆ ಉಪ್ಪು ಹೆಚ್ಚಾದರೆ ಕೈ ಎತ್ತುವ ಗಂಡ. ಸಂಘದಲ್ಲಿ ಹೇಳಿದರೆ ಹಣ ನುಂಗಿದಳು ಎಂದಾರು ಎಂಬ ಭಯ. ಕಿವಿಯೋಲೆ ಗಿರವಿ ಇಟ್ಟು ಕಂತು ಕಟ್ಟಿದಳು. ಬೋಳು ಕಿವಿ ನೋಡಿ ಗಂಡ ಕೇಳಿದ, ಹೊಡೆದ, ಅಕ್ಕಪಕ್ಕದವರು ಬಂದರು, ಆಗ ವಿಷಯ ಹೊರಬಿತ್ತು. ಅಷ್ಟರಲ್ಲಿ ಹಣ ಐದಾರು ಖಾತೆ ದಾಟಿ ಯಾವುದೋ ಊರಿನ ಎ.ಟಿ.ಎಂ.ನಿಂದ ನಗದಾಗಿ ಹೋಗಿತ್ತು.

ಎಚ್ಚರದಿಂದಿರಿ, ಎಚ್ಚರದಿಂದಿರಿ ಎಂದು ಬ್ಯಾಂಕುಗಳು ಪೋಸ್ಟರು ಹಚ್ಚುತ್ತವೆ. ಆಕೆಗೆ ಎಚ್ಚರ ಹತ್ತೇ ನಿಮಿಷದಲ್ಲಿ ಬಂದಿತ್ತು. ಇಲ್ಲದಿದ್ದದ್ದು ಹೋಗಿ ಹೇಳಿಕೊಳ್ಳುವ ಒಂದು ಜಾಗ. ಆ ಪೋಸ್ಟರುಗಳಲ್ಲಿ ಈ ಗಂಡನ ಚಿತ್ರವಿರುವುದಿಲ್ಲ.

ಏಕೆ ಮೊದಲ ಗಂಟೆ ಅಷ್ಟು ಮುಖ್ಯವೆಂದರೆ, 1930 ಎಂಬ ಸಂಖ್ಯೆಗೆ ಕರೆ ಮಾಡಿದ ಕೂಡಲೇ ಆ ವಿವರ ಹಣ ಹೋದ ಬ್ಯಾಂಕಿಗೆ ತಲುಪುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ಹೋಗಿದ್ದರೆ ಅಲ್ಲಿಗೆ ಬೆನ್ನಟ್ಟುತ್ತಾರೆ. ಕಳ್ಳನಿಗೂ ನಮಗೂ ಓಟದ ಪಂದ್ಯ. ಕರೆ ಮಾಡುವಾಗ ಹೋದ ಮೊತ್ತ, ಸಮಯ, ನಿಮ್ಮ ಖಾತೆ ಸಂಖ್ಯೆ, ಆ ವ್ಯವಹಾರದ ಹನ್ನೆರಡು ಅಂಕಿಯ ಸಂಖ್ಯೆ, ಕರೆ ಬಂದ ಫೋನ್ ನಂಬರು ಕೈಯಲ್ಲಿರಲಿ. ಮೆಸೇಜುಗಳನ್ನು ನಾಚಿಕೆಯಿಂದ ಅಳಿಸಿಹಾಕಬೇಡಿ, ಅದೇ ಸಾಕ್ಷಿ. ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ತಿಳಿಸಿದ ಮೇಲೂ ಖಾತೆಯಿಂದ ಹಣ ಹೋದರೆ ಆ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆ ಇದೆ. ಅದು ದೂರವಾದರೆ ಯಾವ ಠಾಣೆಯಲ್ಲಾದರೂ ಎಫ್.ಐ.ಆರ್. ದಾಖಲಿಸಬಹುದು, ‘ನಮ್ಮ ಸರಹದ್ದಲ್ಲ’ ಎಂದು ಅಟ್ಟುವಂತಿಲ್ಲ, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಹೋಗುವಾಗ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋಗಿ. ಹೊಡೆತದ ದೂರು ಕೊಡಲು ಹೋದಾಗ ಕಲಿತ ಪಾಠವಿದು.

ಇನ್ನೊಂದು ವಿಷಯ. ನಿಮ್ಮ ಖಾತೆಗೆ ಜೋಡಿಸಿರುವ ಫೋನ್ ನಂಬರು ಯಾರದು? ಕೈ ಎತ್ತಿ ಎಂದರೆ ಅರ್ಧಕ್ಕರ್ಧ ಜನ ಗಂಡನದು, ಮಗನದು ಎನ್ನುತ್ತೀರಿ. ಖಾತೆ ನಿಮ್ಮದು, ಬೀಗದ ಕೈ ಅವರದು. ಹಣ ಹೋದರೂ ನಿಮಗೆ ತಿಳಿಯುವುದಿಲ್ಲ. ತೆಗೆದವನು ಕಳ್ಳನೋ ಗಂಡನೋ ಅದೂ ತಿಳಿಯುವುದಿಲ್ಲ. ಹೆಂಡತಿಯ ಎ.ಟಿ.ಎಂ. ಕಾರ್ಡು, ಫೋನು ಕಿತ್ತಿಟ್ಟುಕೊಂಡು ಅವಳ ಹಣ ಬಳಸುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಆರ್ಥಿಕ ಹಿಂಸೆ. ಗಂಡ ಕೈ ಎತ್ತದಿದ್ದರೂ ಅದು ಹಿಂಸೆಯೇ. ಇದಕ್ಕೆ ಮಹಿಳಾ ಸಹಾಯವಾಣಿ 181. ಜೊತೆಗೆ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ತಾಣದಲ್ಲಿ ನೋಡಬಹುದು. ಓದುವ ಮಗಳನ್ನು ಕೂರಿಸಿಕೊಂಡು ನೋಡಿ. ನಿಮ್ಮದಲ್ಲದ ಸಿಮ್ ಇದ್ದರೆ ಅಲ್ಲೇ ತಿಳಿಸಿ ನಿಲ್ಲಿಸಬಹುದು.

ಖಾತೆಯನ್ನು ಬಾಡಿಗೆಗೆ ಕೊಡುವ ವಿಚಾರವನ್ನು ಬಿಗಿಯಾಗಿಯೇ ಹೇಳಬೇಕು. ‘ನಿಮ್ಮ ಪಾಸ್‌ಬುಕ್ಕು, ಕಾರ್ಡು ಕೊಡಿ, ನಮ್ಮ ಕಂಪನಿಯ ಹಣ ಬಂದು ಹೋಗುತ್ತದೆ, ತಿಂಗಳಿಗೆ ಐದು ಸಾವಿರ’ ಎಂದು ಪರಿಚಯದವರೇ ಬಂದು ಕೇಳುತ್ತಾರೆ. ಬೇರೊಬ್ಬಳಿಂದ ಸುಲಿದ ಹಣ ದಾಟಿಹೋಗುವುದು ಇಂಥ ಖಾತೆಗಳಲ್ಲೇ. ಪೊಲೀಸರು ಮೊದಲು ಬಂದು ನಿಲ್ಲುವುದು ಆ ಖಾತೆಯ ಹೆಸರಿನವಳ ಬಾಗಿಲಲ್ಲಿ. ಸಂಘದ ಖಾತೆಯನ್ನಂತೂ ಯಾರೇ ಕೇಳಲಿ, ನೆಂಟರಾಗಲಿ, ಪಕ್ಷದವರಾಗಲಿ, ಕೊಡಬಾರದು.

ಸಾಲದ ಆ್ಯಪ್‌ಗಳ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಅದಕ್ಕೊಂದು ದಿನವೇ ಬೇಕು. ಸಾಲ ಕೊಡುವ ಆ್ಯಪ್ ನಿಮ್ಮ ಫೋನಿನಲ್ಲಿರುವ ನಂಬರುಗಳನ್ನು, ಫೋಟೋಗಳನ್ನು ಕೇಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಕೇಳಿದರೆ ಅಲ್ಲೇ ನಿಲ್ಲಿಸಿ. ವಸೂಲಿಯ ಹೆಸರಿನಲ್ಲಿ ಮನೆ ಬಾಗಿಲಿಗೆ ಬಂದು ಪೀಡಿಸುವವರ ವಿರುದ್ಧ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ.

ಇನ್ನು ಸಂಘಗಳು ಏನು ಮಾಡಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ವಾದ ಮಾಡಿ. ಮುಂದಿನ ವಾರದ ಸಭೆಯಲ್ಲಿ ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆಯಿರಿ. ಮೋಸ ಹೋದ ಸದಸ್ಯೆ ಮೊದಲ ಗಂಟೆಯಲ್ಲಿ ಸಂಘದ ಇಂಥ ಇಬ್ಬರಿಗೆ ತಿಳಿಸಬೇಕು, ಆ ಇಬ್ಬರು ತಕ್ಷಣ 1930ಕ್ಕೆ ಕರೆ ಮಾಡಿಸಬೇಕು, ಮನೆಗೆ ಹೇಳುವುದು ಬಿಡುವುದು ಆಕೆಯ ಇಚ್ಛೆ. ತಿಳಿಸಿದವಳಿಗೆ ದಂಡವಿಲ್ಲ, ನಿಂದನೆಯಿಲ್ಲ. ಹೋದದ್ದು ಸಂಘದ ಹಣವಾದರೆ ಅದನ್ನು ಆಕೆಯೊಬ್ಬಳ ತಲೆಗೆ ಕಟ್ಟಿ ಒಂದೇ ಸಲಕ್ಕೆ ಕೇಳಬಾರದು, ಗಂಡನನ್ನು ಕರೆಸಿ ಪಂಚಾಯಿತಿ ಮಾಡಲೇಬಾರದು. ‘ಹಾಗಾದರೆ ನಾಳೆ ಯಾರು ಬೇಕಾದರೂ ಮೋಸ ಹೋದೆ ಎಂದು ಹೇಳಿ ಹಣ ಇಟ್ಟುಕೊಳ್ಳುತ್ತಾರೆ’ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. 1930ರ ದೂರಿನ ಸಂಖ್ಯೆ, ಬ್ಯಾಂಕಿನ ಪಟ್ಟಿ ಇರುತ್ತದಲ್ಲ, ಅದನ್ನು ನೋಡಿ. ಸಂಘದ ಕಂತನ್ನು ಒಬ್ಬರ ಸ್ವಂತ ಖಾತೆಗೆ ಹಾಕಿಸುವ ಪದ್ಧತಿಯನ್ನು ಇವತ್ತಿನಿಂದಲೇ ನಿಲ್ಲಿಸಿ, ಸಂಘದ ಖಾತೆಗೇ ಹಾಕಿ. ಅರ್ಧ ಅನುಮಾನ ಅಲ್ಲಿಗೇ ಮುಗಿಯುತ್ತದೆ.

ನಾನು ಹೇಳಿದ ಆ ಪ್ರತಿನಿಧಿಯ ಸಂಘ ಕೊನೆಗೆ ಹೀಗೇ ಮಾಡಿತು. ಓಲೆ ಬಿಡಿಸಲು ಹತ್ತು ಜನ ಸೇರಿ ಕೈಗೂಡಿಸಿದರು, ಉಳಿದದ್ದಕ್ಕೆ ಆಕೆಗೆ ತಿಂಗಳಿಗೆ ಐನೂರರ ಕಂತು. ಗಂಡನ ವಿಷಯಕ್ಕೆ ರಕ್ಷಣಾಧಿಕಾರಿಯ ಬಳಿ ಅರ್ಜಿ ಹೋಗಿದೆ. ಆಕೆ ಈಗಲೂ ಪ್ರತಿನಿಧಿ.

ನನ್ನ ಮಾತು ಇಷ್ಟೇ. ನಿಮ್ಮಲ್ಲಿ ಎಷ್ಟು ಜನಕ್ಕೆ ಇಂಥ ಕರೆ ಬಂದಿದೆ, ಏನು ಹೇಳಿದರು, ಏನು ಕೇಳಿದರು, ಎದ್ದು ಹೇಳಿ. ಹಿಂದಿನ ಸಾಲಿನಿಂದ ಶುರುಮಾಡೋಣ, ಮುಂದೆ ಕೂತವರು ಯಾವಾಗಲೂ ಮಾತಾಡುತ್ತಾರೆ.